ಹೊಂಡದ ಮೇಲಿನ ಬಣ್ಣ

“ದಾನವ್ವಾ, ಲಗೂನ ಬಾ! ನೀರಿನ ಮ್ಯಾಲ ಕಾಮನಬಿಲ್ಲು ಬಿದ್ದೈತಿ ನೋಡು!”

ಹಿತ್ತಲಿನ ಹೊಂಡದ ಪಕ್ಕ ಹಾಕಿದ್ದ ಹಗ್ಗದ ಹೊರಸಿನ ಮೇಲಿಂದ ಕರಬಸಪ್ಪ ಕೂಗಿದಾಗ ದಾನವ್ವ ಕೈಲಿದ್ದ ಕೆಲಸ ಬಿಟ್ಟು ಓಡಿದಳು. ಚಳಿಜ್ವರದಲ್ಲಿ ಎರಡು ತಿಂಗಳು ನರಳಿದ ಗಂಡನಿಗೆ ಆ ಹೊಂಡವೊಂದೇ ಸಮಾಧಾನ. ಜ್ವರ ಇಳಿದಾಗಲೆಲ್ಲ ಹೊರಸನ್ನು ಅಲ್ಲಿಗೆ ಹಾಕಿಸಿಕೊಂಡು, ತಾವರೆ ಎಲೆಯ ಮೇಲಿನ ಕಪ್ಪೆಗಳನ್ನೂ ಮೀಂಚುಳ್ಳಿಯನ್ನೂ ನೋಡುತ್ತ ಕೂರುತ್ತಿದ್ದ. ಸೊಳ್ಳೆ ಸಾಯಲು ನಿಂತ ನೀರಿಗೆ ಅರ್ಧ ಬಟ್ಟಲು ಚಿಮಣಿ ಎಣ್ಣೆ ಸಾಕೆಂದು ಹಿರೇಕೆರೂರಿನ ಕಂಪೌಂಡರ್ ಹೇಳಿದ್ದ. ಜ್ವರ ಮತ್ತೆ ಬಂದರೆ ಗಂಡ ಉಳಿಯಲಾರನೆಂಬ ಹೆದರಿಕೆಗೆ, ಅವನು ಏಳುವ ಮೊದಲೇ ದಾನವ್ವ ರೇಶನ್ನಿನ ಸೀಮೆಎಣ್ಣೆ ಬಾಟಲಿಯನ್ನು ಇಡಿಯಾಗಿ ಹೊಂಡಕ್ಕೆ ಸುರಿದಿದ್ದಳು.

ಅವಳು ಹತ್ತಿರ ಬರುವಷ್ಟರಲ್ಲಿ ಮೀಂಚುಳ್ಳಿ ನೀರಿಗೆ ಧುಮುಕಿ ಮೇಲೆದ್ದು, ಒಗೆಯುವ ಕಲ್ಲಿನ ಮೇಲೆ ಕುಳಿತಿತು. ಹಾರಲು ನೋಡಿತು, ಎಣ್ಣೆ ಮೆತ್ತಿದ ರೆಕ್ಕೆ ಬಿಚ್ಚಲೇ ಇಲ್ಲ. ದಡದುದ್ದಕ್ಕೂ ಮರಿಮೀನುಗಳು ಬಾಯಿ ತೆರೆದು ಒದ್ದಾಡುತ್ತಿದ್ದವು. ಕರಬಸಪ್ಪನ ನಗು ನಿಂತಿತು.

“ಯಾಕ, ಏನಾತು ಇವಕ್ಕ?”

“ನಾನ ಚಿಮಣಿ ಎಣ್ಣಿ ಹಾಕೇನ್ರಿ,” ಎಂದಳು ದಾನವ್ವ. “ನಿಮಗ ಮತ್ತ ಜ್ವರ ಬರಬಾರ್ದು ಅಂತ… ಭಾಳ ಹಾಕಿಬಿಟ್ಟೆ.”

ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. “ಹೊರಸು ಗ್ವಾಡಿ ಕಡೆ ತಿರುಗಸು,” ಎಂದಷ್ಟೇ ಹೇಳಿದ.

ದಾನವ್ವ ಹೊರಸನ್ನು ಗೋಡೆಯ ಕಡೆಗೆ ತಿರುಗಿಸಿದಳು.