ಒಂದೇ ಪುಟದ ಸ್ಕ್ರಿಪ್ಟ್

ಡಿಲೀಟ್ ಒತ್ತಬೇಕಿದ್ದ ಪ್ರೋಗ್ರಾಮರ್ ಹುಡುಗಿಯ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ಅವಳು ಅಳಿಸಹೊರಟಿದ್ದ ಸ್ಕ್ರಿಪ್ಟುಗಳನ್ನು ಬರೆದ ಹಿರಿಯ ಇಂಜಿನಿಯರೇ ಬೆನ್ನ ಹಿಂದೆ ಬಂದು ನಿಂತಿದ್ದರು. ವಿಂಡೋಸಿಗೊಂದು, ಮ್ಯಾಕಿಗೊಂದು, ಲಿನಕ್ಸಿಗೊಂದು. ತಂಡದಲ್ಲಿ ಯಾರು ಕೋಡ್ ಬದಲಿಸಿದರೂ ಆ್ಯಪನ್ನು ಮೂರೂ ಕಡೆ ಬಿಲ್ಡ್ ಮಾಡಿ ಪರೀಕ್ಷಿಸುವುದು ಅವುಗಳ ಕೆಲಸ. ತೇಪೆಯ ಮೇಲೆ ತೇಪೆ ಬಿದ್ದು ಅವು ಈಗ ಅವರೊಬ್ಬರಿಗೇ ಅರ್ಥವಾಗುತ್ತಿದ್ದವು. ಕೆಟ್ಟರೆ ಅವರೇ ಬರಬೇಕು.

“ಸರ್, ಮೂರನ್ನೂ ಸೇರಿಸಿ ಒಂದೇ ಮಾಡಿದೀನಿ. ನೀವು ನೋಡದೆ ಹಳೇದನ್ನ ಅಳಿಸೋಕೆ ಕೈ ಬರ್ತಿಲ್ಲ,” ಎಂದಳು. ಬೇಜಾರು ಮಾಡಿಕೊಂಡಾರೆಂಬ ಅಳುಕು ಅವಳಿಗೆ.

ಅವರು ಕನ್ನಡಕ ಏರಿಸಿ ಪರದೆಗೆ ಬಾಗಿದರು. ಹೊಸದು ಒಂದೇ ಪುಟ. ಎಲ್ಲೂ ತಡವರಿಸದೆ, ಏನನ್ನೂ ಕೇಳದೆ ಓದಿ ಮುಗಿಸಿ, ತಾವೇ ಅದನ್ನು ಓಡಿಸಿದರು. ಮೂರೂ ಕಡೆ ಹಸಿರು ಗುರುತು ಬಿತ್ತು.

“ಅಪ್ಪನ ಆಪರೇಷನ್ ದಿನಾನೂ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಆ ಹಳೇದನ್ನ ರಿಪೇರಿ ಮಾಡ್ತಿದ್ದೆ ಕಣಮ್ಮ,” ಎಂದರು. “ಇನ್ಮೇಲೆ ಯಾರಿಗೂ ಆ ಗತಿ ಬರಲ್ಲ.” ಡಿಲೀಟನ್ನು ತಾವೇ ಒತ್ತಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. “ಇಷ್ಟು ಸಲೀಸಾಗಿ ಹೇಗೆ ಬಿಡಿಸ್ದೆ ಈ ಕಗ್ಗಂಟನ್ನ? ಮೊದಲಿಂದ ಹೇಳು, ನಾನೂ ಕಲೀತೀನಿ.”