ದೇಚಮ್ಮನ ಎತ್ತರ

ಪಂದ್ಯದ ದಿನ ಯಾರಿಗೆ ಎಷ್ಟು ಎತ್ತರ ಕೊಡಬೇಕೆಂದು ತೀರ್ಮಾನಿಸುವುದು ಮಂಡ್ಯ ಬಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ದೇಚಮ್ಮನ ಕೆಲಸ. ಒಂದು ಕಾಲಕ್ಕೆ ತಾನೇ ಆರಡಿಯ ಆಟಗಾರ್ತಿ. ಹುಡುಗಿಯರಿಗೆ ತನ್ನ ಎತ್ತರವನ್ನೇ ಕೊಟ್ಟೂ ಕೊಟ್ಟೂ ಈಗ ಬೆಂಚಿನ ಮೇಲೆ ಕೂತರೆ ಕಾಲು ನೆಲ ಮುಟ್ಟುವುದಿಲ್ಲ.

ಫೈನಲ್ಸ್. ಒಂದೇ ಪಾಯಿಂಟಿನ ಹಿನ್ನಡೆ. ಟೈಮೌಟಿನಲ್ಲಿ ತಂಡದ ಹುಡುಗಿ ಮಾನ್ವಿತಾ ಏದುಸಿರು ಬಿಡುತ್ತ ಓಡಿಬಂದಳು.

"ಅಕ್ಕಾ, ಆ ಎದ್ರು ತಂಡದವ್ಳ ಕೈ ಅಡ್ಡ ಬತ್ತದೆ. ಇನ್ನೊಂದ್ ಗೇಣು ಬೇಕು!"

"ತಗೊಳ್ಳೇ!" ದೇಚಮ್ಮ ಅವಳ ಅಂಗೈಗೆ ತನ್ನ ಅಂಗೈ ಒತ್ತಿದಳು.

ಆಟ ಮತ್ತೆ ಶುರುವಾದಾಗ, ಇನ್ನೊಂದು ಗೇಣು ಕುಗ್ಗಿದ್ದ ದೇಚಮ್ಮನಿಗೆ ಕಂಡದ್ದು ಮುಂದೆ ನಿಂತವರ ಬೆನ್ನುಗಳಷ್ಟೇ. ಸೀಟಿ ಮೊಳಗಿತು. ಕ್ರೀಡಾಂಗಣವೇ ಹೋ ಎಂದಿತು.

"ಏನಾಯ್ತ್ರೇ? ಯಾರಾದ್ರೂ ಹೇಳ್ರೇ!"

"ಗೆದ್ಬುಟ್ವಿ ಅಕ್ಕಾ!" ನುಗ್ಗಿಬಂದ ಮಾನ್ವಿತಾ ಅವಳನ್ನು ಅನಾಮತ್ತಾಗಿ ತಲೆಯ ಮೇಲಕ್ಕೆ ಎತ್ತಿದಳು. ಆಡುವ ಕಾಲದಲ್ಲಿ ಎಷ್ಟು ಹಾರಿದರೂ ಎಟುಕದಿದ್ದ ರಿಂಗು ದೇಚಮ್ಮನ ಮೂಗಿನ ಮುಂದಿತ್ತು. ಎರಡೂ ಕೈಯಲ್ಲಿ ಹಿಡಿದು ಕೂಗಿದಳು:

"ಬಿಡೇ, ಇನ್ನು ಬಿಡೇ ನನ್ನ!"