ಎದುರು ಮಾಳಿಗೆಯ ಚೌಕಬಾರ

ಮೂರನೆಯ ದಿನ ಬೆಳಿಗ್ಗೆ ಗೊಲ್ಲಾಳಮ್ಮ ತನ್ನ ಮನೆಯ ಗೋಡೆಯ ಜೊತೆಗೇ ಜಗಳ ತೆಗೆದಳು. ಬೇರೆ ಯಾರೂ ಸಿಗಲಿಲ್ಲ, ಏನು ಮಾಡಬೇಕು? ಸುರಪುರದ ಓಣಿ ಓಣಿ ತಿರುಗಿ ಪುಂಡಿಪಲ್ಯ ಮಾರುತ್ತ, ಪಲ್ಯಕ್ಕಿಂತ ಹೆಚ್ಚು ಮಾತು ಹಂಚುತ್ತ ಇಪ್ಪತ್ತು ವರ್ಷ ಕಳೆದ ಒಂಟಿ ಹೆಂಗಸು ಅವಳು. ಗುರುಮಠಕಲ್ಲಿನ ಮದುವೆಗೆ ಹೋಗಿ ಬಂದದ್ದೇ ತಪ್ಪಾಯಿತು. ಮದುವೆ ಮನೆಯ ಹಿಂದೆ ಇಲಿ ಸತ್ತು ಬಿದ್ದಿದ್ದವೆಂಬ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಪೊಲೀಸ್ ಪಾಟೀಲ ನೀಲಕಂಠ ಬಾಗಿಲಿನಿಂದ ಹತ್ತು ಮೊಳ ದೂರ ನಿಂತು ಹುಕುಂ ಹೇಳಿದ್ದ: "ಪಿಳೇಗಿನ ಊರಿಂದ ಬಂದೀರಿ. ಹತ್ತು ದಿನ ಹೊಸ್ತಿಲ ದಾಟಬ್ಯಾಡ್ರಿ. ದಾಟಿದ್ರ ಇಡೀ ಓಣಿನ ಎಬ್ಬಿಸಿ ಹೊಲದಾಗಿನ ಗುಡಿಸಲಿಗೆ ಹಾಕೂದು, ಸರ್ಕಾರದ ಮಾತು!"

ಓಣಿಯವರು ಹೊಸ್ತಿಲ ಆಚೆ ರೊಟ್ಟಿ, ನೀರಿನ ಕೊಡ ಇಟ್ಟು ಸರಿದುಬಿಡುತ್ತಿದ್ದರು. ಮನೆಯೊಳಗೆ ಮಾಡಲು ಅವಳಿಗೆ ಒಂದೇ ಕೆಲಸ ಉಳಿಯಿತು, ಕಂಕುಳು ಮುಟ್ಟಿ ನೋಡಿಕೊಳ್ಳುವುದು. ಪಿಳೇಗು ಬಂದರೆ ಅಲ್ಲೇ ಗಂಟು ಏಳುತ್ತದಂತೆ. ಎದ್ದ ಕೂಡಲೇ ಒಮ್ಮೆ, ರೊಟ್ಟಿ ಮುರಿಯುವ ಮುಂಚೆ ಒಮ್ಮೆ, ತಿಂದ ಮೇಲೆ ಇನ್ನೊಮ್ಮೆ. ಎರಡು ದಿನ ಒತ್ತಿ ಒತ್ತಿ ಕಂಕುಳು ನೋಯತೊಡಗಿತು. ನೋವು ಬಂತೆಂದರೆ ಗಂಟೇ ಬಂತೆಂದು ತಿಳಿದು ಇನ್ನೂ ಗಟ್ಟಿಯಾಗಿ ಒತ್ತಿದಳು. ಜೀವ ಬಾಯಿಗೆ ಬಂದಂತಾಯಿತು. ಒಳಗೆ ಕೊಳೆತು ಸಾಯುವುದಕ್ಕಿಂತ ನಾಲ್ಕು ಜನರ ಮುಖ ನೋಡಿ ಸಾಯುವುದು ಮೇಲೆಂದು ಖಾಲಿ ಬುಟ್ಟಿಯನ್ನೇ ತಲೆಯ ಮೇಲೆ ಇಟ್ಟುಕೊಂಡು ಬಾಗಿಲು ತೆರೆದಳು.

"ಏ ಗೊಲ್ಲಾಳಿ, ಎಲ್ಲಿ ಹೊಂಟಿ?" ಎದುರು ಮನೆಯ ಮಾಳಿಗೆಯಿಂದ ಮೌಲಾಬಿ ಕೂಗಿದಳು. ವಯಸ್ಸಿನಲ್ಲಿ ಹಿರಿಯಳು, ಓಣಿಗೆಲ್ಲ ಕೌದಿ ಹೊಲಿದುಕೊಡುವವಳು.

"ಸಾಯಾಕ ಹೊಂಟೀನಿ, ಯಕ್ಕಾ!"

"ನಮ್ಮನ್ನೆಲ್ಲಾ ಸಂಗಾಟ ಕರಕೊಂಡು ಹೋಗ್ತಿಯೇನು? ಬುಟ್ಟಿ ಇಳಿಸು. ಮನ್ಯಾಗ ಕವಡಿ ಅದಾವಲ್ಲ? ಮಾಳಗಿ ಹತ್ತು, ಚೌಕಬಾರ ಆಡೂಣು."

"ನೀ ಅಲ್ಲಿ, ನಾ ಇಲ್ಲಿ. ಹೆಂಗ ಆಡೂದು?"

"ನಿನ್ನ ಕವಡಿ ನೀ ಒಗಿ, ನನ್ನ ಕವಡಿ ನಾ ಒಗೀತೀನಿ. ಬಿದ್ದದ್ದನ್ನ ಕೂಗಿ ಹೇಳೂದು. ನನ್ನ ಕಾಯಿನೂ ನೀನೇ ನಡಸು. ನಿನ್ನ ಮ್ಯಾಲ ನನಗ ಭರೋಸಾ ಐತಿ."

ಗೊಲ್ಲಾಳಮ್ಮ ಗೊಣಗುತ್ತಲೇ ಮಾಳಿಗೆ ಹತ್ತಿ ಇದ್ದಿಲಿನಿಂದ ಮನೆ ಬರೆದಳು. ತನ್ನ ಕಾಯಿಗೆ ಹುಣಸೆಬೀಜ, ಅಕ್ಕನ ಕಾಯಿಗೆ ಬಳೆಚೂರು. ಎರಡೂ ಮಾಳಿಗೆಗೆ ಸೊಂಟದೆತ್ತರದ ಗೋಡೆ ಇದ್ದುದರಿಂದ ಕೂತರೆ ಒಬ್ಬರಿಗೊಬ್ಬರ ತಲೆಯ ಮೇಲಿನ ಸೆರಗಿನ ತುದಿ ಮಾತ್ರ ಕಾಣುತ್ತಿತ್ತು. ಮೊದಲ ಸಲ ಕವಡೆ ಒಗೆದಳು. ಒಂದು ಬಿತ್ತು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ನೋಡುವವರು ಯಾರಿದ್ದಾರೆ?

"ಬಾರಾ!" ಎಂದು ಕೂಗಿದಳು.

"ಯಾ ಅಲ್ಲಾ! ಶುರುವಿಗೇ ಎಂಟು ಮನಿ?"

ಅಂದಿನಿಂದ ಗೊಲ್ಲಾಳಮ್ಮನಿಗೆ ಹೊತ್ತು ಸಾಲದಾಯಿತು. ಸುಳ್ಳು ಹೇಳುವುದೆಂದರೆ ಸುಲಭದ ಕೆಲಸವೇ? ಮೇಲಿಂದ ಮೇಲೆ ಬಾರಾ ಎಂದರೆ ಅಕ್ಕನಿಗೆ ಅನುಮಾನ ಬರುತ್ತದೆ, ಅದಕ್ಕೆ ನಡುನಡುವೆ ಒಂದೆರಡು ನಿಜವನ್ನೂ ಹೇಳಬೇಕು. ಯಾವ ಬಳೆಚೂರನ್ನು ಎಲ್ಲಿ ಹೊಡೆಯಬೇಕೆಂದು ಯೋಚಿಸುತ್ತಲೇ ಬೆಳಗಾಗೇಳುವಳು, ಮೈ ತೊಳೆದು, ರೊಟ್ಟಿ ತಿಂದು, ಬಿಸಿಲೇರುವ ಮುಂಚೆ ಮಾಳಿಗೆಯ ಮೇಲೆ ಹಾಜರು. ಏಳನೆಯ ದಿನ ಪಾಟೀಲ ಬಂದು ಕೆಳಗಿನಿಂದ, "ಗೊಲ್ಲಾಳಮ್ಮಾ, ಆರಾಮ ಅದೀರಿ?" ಎಂದು ವಿಚಾರಿಸಿದ.

"ಈಗ ಮಾತಾಡಿಸಬ್ಯಾಡ್ರಿ ಪಾಟೀಲ್ರ, ಯಕ್ಕನ ಕಾಯಿ ಹೊಡಿಯಾಕತ್ತೀನಿ!"

ಹಾಗೆಂದ ಮೇಲೆಯೇ ಅವಳಿಗೆ ಹೊಳೆಯಿತು: ಕಂಕುಳು ಮುಟ್ಟಿ ನೋಡದೆ ಎಷ್ಟು ದಿನವಾಯಿತು! ಮುಟ್ಟಿ ನೋಡಿದಳು. ಗಂಟೂ ಇಲ್ಲ, ನೋವೂ ಇಲ್ಲ. ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹನ್ನೊಂದನೆಯ ದಿನ ಪಾಟೀಲ ತಾನೇ ಹೊಸ್ತಿಲವರೆಗೆ ಬಂದು, "ಇನ್ನ ಬರ್ರಿ" ಎಂದ. ಗೊಲ್ಲಾಳಮ್ಮ ಪಲ್ಯ ತರಲು ಹೋಗಲಿಲ್ಲ. ಅಕ್ಕ ಹೇಳಿದ ಭರೋಸಾದ ಮಾತು ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು. ನೇರವಾಗಿ ಎದುರು ಮನೆಯ ಮಾಳಿಗೆ ಹತ್ತಿದಳು. ಮೌಲಾಬಿ ಗೋಡೆಯ ನೆರಳಲ್ಲಿ ಕಾಲು ಚಾಚಿ ಕೌದಿ ಹೊಲಿಯುತ್ತ ಕೂತಿದ್ದಳು.

"ಯಕ್ಕಾ, ನಾ ಪಾಪ ಮಾಡೀನಿ. ಒಂದು ಬಿದ್ರ ಬಾರಾ ಅಂತಿದ್ದೆ. ಒಂಬತ್ತು ಆಟದಾಗ ಎರಡು ಸೋತೀನಿ, ಏಳು ಮೋಸ ಮಾಡೇ ಗೆದ್ದೀನಿ. ಎಷ್ಟು ಬೈತಿ ಬೈ."

ಮೌಲಾಬಿ ಹಲ್ಲಿನಿಂದ ದಾರ ಕಡಿದಳು. "ನೀನರ ಕವಡಿ ಒಗದಿಯಲ್ಲವ್ವಾ."

ಗೊಲ್ಲಾಳಮ್ಮ ಸುತ್ತ ನೋಡಿದಳು. ಇಡೀ ಮಾಳಿಗೆಯ ಮೇಲೆ ಒಂದು ಕವಡೆಯೂ ಇರಲಿಲ್ಲ. ಇದ್ದದ್ದು ಒಂದು ಸೂಜಿ ಮತ್ತು ಇಬ್ಬರು ಹೊದೆಯುವಷ್ಟು ದೊಡ್ಡ ಕೌದಿ.

"ಮತ್ತ ದಿನಾ ಮೂರು, ಚೌಕಾ ಅಂತ ಕೂಗತಿದ್ದಿಯಲ್ಲ?"

"ಕೌದಿ ಹೊಲಕೋತ ಬಾಯಿಗೆ ಬಂದದ್ದು ಕೂಗಿದೆ. ನಿನ್ನ ದನಿ ಕೇಳಬೇಕಾಗಿತ್ತು ನನಗ. ದನಿ ಜೋರಿದ್ರ ಇವತ್ತೂ ಜ್ವರ ಇಲ್ಲ, ನನ್ನ ಗೊಲ್ಲಾಳಿ ಉಳೀತಾಳ ಅಂತ ಮನಸಿಗೆ ಸಮಾಧಾನ."

ತನಗೆ ಯಾರೂ ಇಲ್ಲವೆಂದು ಗೋಡೆಗೆ ಬೈದಿದ್ದ ಗೊಲ್ಲಾಳಮ್ಮ ಈಗ ಅಕ್ಕನ ಪಕ್ಕ ಕುಸಿದು ಕೂತು ಕೌದಿಯ ಅಂಚಿನಲ್ಲೇ ಕಣ್ಣು ಒರೆಸಿಕೊಂಡಳು. ಒರೆಸಿಕೊಳ್ಳುತ್ತಿದ್ದಂತೆ ಏನೋ ನೆನಪಾಗಿ ಥಟ್ಟನೆ ತಲೆ ಎತ್ತಿದಳು.

"ತಡಿ ಯಕ್ಕಾ. ಹಂಗಾದ್ರ ಆ ಎರಡು ಆಟ ನಾ ಸೋತದ್ದು ಯಾರಿಗೆ?"